ನಕ್ಷೆಯಲ್ಲಿ ಒಂದನೆಯ ವಲಯ



ಭೂಕಂಪದ ಬಗ್ಗೆ ಮಾತಾಡಬೇಕೆಂದು ನೀವು ಕರೆದಾಗ, ನಾನು ಭೂವಿಜ್ಞಾನಿಯಲ್ಲ, ಪತ್ರಿಕೆಯ ವರದಿಗಾರ ಎಂದೆ. ಹಾಗಾಗಿ ಭೂಮಿಯ ಒಡಲಿನ ವಿಷಯ ಬಿಟ್ಟು ಒಂದು ಕಾಗದದ ವಿಷಯ ಹೇಳುತ್ತೇನೆ. ನಮ್ಮ ದೇಶದ ಭೂಕಂಪ ವಲಯಗಳ ನಕ್ಷೆ ಅದು.

ಐ.ಎಸ್. 1893 ಎಂಬ ಮಾನಕ ಮೊದಲು ಪ್ರಕಟವಾದದ್ದು 1962ರಲ್ಲಿ. (1893 ಇಸವಿಯಲ್ಲ, ಮಾನಕದ ಸಂಖ್ಯೆ. ನಾನೂ ಮೊದಲು ಮೋಸಹೋಗಿದ್ದೆ!) ಅದರ ನಕ್ಷೆಯಲ್ಲಿ ಸೊನ್ನೆಯಿಂದ ಆರರವರೆಗೆ ಏಳು ವಲಯಗಳಿದ್ದವು. ಹೆಚ್ಚಾಗಿ ಹಿಂದೆ ನಡುಗಿದ ಜಾಗಗಳ ದಾಖಲೆ ನೋಡಿ ಬರೆದ ನಕ್ಷೆ. ದಖ್ಖನಿನದು ಗಟ್ಟಿ ನೆಲ, ಅಲುಗುವುದಿಲ್ಲ ಎಂಬ ನಂಬಿಕೆ ಆಗ ಬಲವಾಗಿತ್ತು. 1967ರ ಡಿಸೆಂಬರ್ 11ರಂದು ಅಪಾಯ ಕಡಿಮೆ ಎನಿಸಿಕೊಂಡಿದ್ದ ಕೊಯ್ನಾ ನಡುಗಿ ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. 1970ರ ಪರಿಷ್ಕರಣೆಯಲ್ಲಿ ಸೊನ್ನೆ ವಲಯವನ್ನು ಕೈಬಿಟ್ಟು ಐದು ವಲಯ ಮಾಡಿದರು.

ಆ ಐದರಲ್ಲಿ ಅತಿ ಕಡಿಮೆ ಅಪಾಯದ್ದು ಒಂದನೆಯ ವಲಯ. ನಮ್ಮ ಗಡಿಯಾಚೆ ಲಾತೂರು ಜಿಲ್ಲೆಯ ಕಿಲ್ಲಾರಿ ಇದ್ದದ್ದು ಅದರಲ್ಲೇ. 1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ. ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. ಏಳೂವರೆ ಸಾವಿರಕ್ಕೂ ಹೆಚ್ಚು ಮಂದಿ ಮತ್ತೆ ಏಳಲಿಲ್ಲ.

ಕೊಂದದ್ದು ನೆಲವಲ್ಲ, ಮನೆ. ಕಾಡುಕಲ್ಲನ್ನು ಕೆಸರಿನಲ್ಲಿ ಕೂರಿಸಿದ ದಪ್ಪ ಗೋಡೆ. ಬಿಸಿಲು ತಡೆಯಲು ಮೇಲೆ ಮಣ್ಣಿನ ಭಾರಿ ಮಾಳಿಗೆ. ಬೀದರ್, ಕಲಬುರ್ಗಿ ಕಡೆಯವರಿಗೆ ಇದನ್ನು ವರ್ಣಿಸಬೇಕಿಲ್ಲ. ನಡುಕಕ್ಕೆ ಗೋಡೆಯ ಒಳಮುಖ ಹೊರಮುಖ ಎರಡಾಗಿ ಸೀಳುತ್ತವೆ, ಮಾಳಿಗೆ ಮಲಗಿದವರ ಮೇಲೆ ಕೂರುತ್ತದೆ. ಇಂಥ ಗೋಡೆಗೆ ಮದ್ದೇನು? ಅಲ್ಲಲ್ಲಿ ಎರಡೂ ಮುಖ ಮುಟ್ಟುವ ಉದ್ದಗಲ್ಲು ಇಡಬೇಕು, ಬಾಗಿಲ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಕಡಿಯದ ಪಟ್ಟಿ ಕಟ್ಟಬೇಕು. ಇದನ್ನು ಹೇಳುವ ಐ.ಎಸ್. 13828 ಮಾನಕ ಹೊರಬಂದದ್ದೂ 1993ರಲ್ಲೇ!

ಪರದೇಶದಿಂದಲೇ ಇದನ್ನೆಲ್ಲ ಕಲಿಯಬೇಕಿರಲಿಲ್ಲ. ನಿಜ, ಜಪಾನ್ 1923ರ ಕಾಂಟೊ ಭೂಕಂಪದ ಮರುವರ್ಷವೇ, ಕಟ್ಟಡ ತನ್ನ ತೂಕದ ಹತ್ತನೇ ಒಂದು ಭಾಗದಷ್ಟು ಅಡ್ಡದೂಡಿಕೆಯನ್ನು ತಾಳಬೇಕೆಂದು ಕಾನೂನು ಮಾಡಿತು. ಆದರೆ ಈಗ ಪಾಕಿಸ್ತಾನದಲ್ಲಿರುವ ಕ್ವೆಟ್ಟಾದಲ್ಲಿ ಎಸ್.ಎಲ್. ಕುಮಾರ್ ಎಂಬ ರೈಲ್ವೆ ಎಂಜಿನಿಯರ್ ಇದ್ದರು. 1931ರ ಮಚ್ ಭೂಕಂಪ ಕಂಡ ಮೇಲೆ ಅವರು ಹಳಿಗಳ ಚೌಕಟ್ಟಿನ ಸಿಬ್ಬಂದಿ ವಸತಿಗಳನ್ನು ಕಟ್ಟಿಸಿದರು. 1935ರ ಮೇ 31ರಂದು ಕ್ವೆಟ್ಟಾ ನೆಲಸಮವಾದಾಗ ಆ ಮನೆಗಳು ನಿಂತಿದ್ದವು. ಎಂಥ ಮನುಷ್ಯ! ಅವರ ಹೆಸರು ಯಾವ ಪಠ್ಯದಲ್ಲೂ ನನಗೆ ಸಿಕ್ಕಿರಲಿಲ್ಲ.

ಭುಜ್ ಭೂಕಂಪದ ನಂತರ, 2002ರಲ್ಲಿ ಒಂದನೆಯ ವಲಯವೂ ನಕ್ಷೆಯಿಂದ ಹೋಯಿತು. ಆ ನಕ್ಷೆ ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ, ಮಂಗಳೂರುಗಳನ್ನು ಮೂರನೆಯ ವಲಯದಲ್ಲಿಟ್ಟಿತು. ಬೆಂಗಳೂರು, ಮೈಸೂರು, ಕಲಬುರ್ಗಿಗಳನ್ನು ಎರಡರಲ್ಲಿ. ಮಾನಕದ ಕೊನೆಗೆ ಮುಖ್ಯ ಪಟ್ಟಣಗಳ ಪಟ್ಟಿ ಕೊಟ್ಟರು. ಕಿಲ್ಲಾರಿಯಂಥ ಹಳ್ಳಿಯವರು ನಕ್ಷೆಯ ಮೇಲೆ ಬೆರಳಿಟ್ಟೇ ತಮ್ಮ ಊರು ಹುಡುಕಬೇಕು. ಸಿಕ್ಕಿತೆನ್ನಿ, ಮಾನಕ ತಾನಾಗಿಯೇ ಕಾನೂನಲ್ಲ. ಸ್ಥಳೀಯ ಕಟ್ಟಡ ನಿಯಮದಲ್ಲಿ ಸೇರಿಸಿಕೊಂಡರಷ್ಟೇ ಅದಕ್ಕೆ ಬಲ. ನೀವು ಮನೆ ಕಟ್ಟಿಸುವಾಗ ಮೇಸ್ತ್ರಿಯನ್ನು ಆ ಸುತ್ತುಪಟ್ಟಿಯ ಬಗ್ಗೆ ಕೇಳಿ ನೋಡಿ. ಬಾಗಿಲ ಮೇಲಷ್ಟೇ ಲಿಂಟಲ್ ಸಾಕು ಎಂದರೆ, ಸುತ್ತಲೂ ಹಾಕು ಅನ್ನಿ.