ಏಣಿ ಇದೆ, ವಿಮಾನ ಇಲ್ಲ: ಊಟದ ಟೇಬಲ್ ಮೇಲೊಂದು ಯುದ್ಧ ಸ್ಮಾರಕ

ಇವತ್ತು ನಾನು ಮಾತಾಡೋದು ಒಂದು ಹಲಗೆ ಬಗ್ಗೆ. 45 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ. ಮೂರು ತಿಂಗಳಿಂದ ನಮ್ಮನೆ ಊಟದ ಟೇಬಲ್‌ನಲ್ಲಿ ಅರ್ಧ ಜಾಗ ಹಿಡ್ಕೊಂಡು ಕೂತಿದೆ. ಅಮ್ಮ ದಿನಾ ಕೇಳ್ತಾರೆ, "ಇದನ್ನ ಯಾವಾಗ ಎತ್ತುತ್ತೀಯೋ?" ಅಂತ. ನಾನು ದಿನಾ ಹೇಳ್ತೀನಿ, "ಮುಂದಿನ ವಾರಮ್ಮಾ."

ನನ್ನ ಹವ್ಯಾಸ ಸ್ಕೇಲ್ ಮಾಡೆಲ್. ಪ್ಲಾಸ್ಟಿಕ್ ಕಿಟ್ ತಂದು, ಬಿಡಿಭಾಗ ಕತ್ತರಿಸಿ, ಅಂಟಿಸಿ, ಸ್ಯಾಂಡ್ ಪೇಪರ್ ಹಾಕಿ ಉಜ್ಜಿ, ಬಣ್ಣ ಹಚ್ಚಿ ಪುಟ್ಟ ವಿಮಾನ ಮಾಡೋದು. ಆ ವಿಮಾನದ ಸುತ್ತ ನೆಲ, ಹುಲ್ಲು, ಮನುಷ್ಯರು ಎಲ್ಲ ಸೇರಿಸಿ ಒಂದು ದೃಶ್ಯ ಕಟ್ಟಿದ್ರೆ ಅದಕ್ಕೆ ಡಯೋರಾಮ ಅಂತಾರೆ. ಈ ಸಲ ನಾನು ಕಟ್ಟೋಕೆ ಹೊರಟಿರೋದು ಒಬ್ಬರ ನೆನಪಿಗೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೊಪ್ಪಯ್ಯ ದೇವಯ್ಯ. ನಮ್ಮ ಕೊಡಗಿನವರು.

ಮಡಿಕೇರಿಗೆ ಹೋದವರು ಅವರ ಪ್ರತಿಮೆ ನೋಡಿರ್ತೀರಿ. 2025ರಲ್ಲಿ ಬಂದ 'ಸ್ಕೈ ಫೋರ್ಸ್' ಹಿಂದಿ ಸಿನಿಮಾಗೂ ಇದೇ ಘಟನೆ ಪ್ರೇರಣೆ. ಆದ್ರೆ ಸಿನಿಮಾ ಸ್ವಲ್ಪ ಪಕ್ಕಕ್ಕಿಡಿ. ನಡೆದಿದ್ದು ಏನು ಅಂತ ಮೊದಲು ಹೇಳ್ತೀನಿ.

1965ರ ಸೆಪ್ಟೆಂಬರ್ 7. ಭಾರತ ಪಾಕಿಸ್ತಾನ ಯುದ್ಧ ನಡೀತಿತ್ತು. ಪಂಜಾಬಿನ ಆದಂಪುರ ವಾಯುನೆಲೆಯಿಂದ ನಮ್ಮ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಬೆಳಗಿನ ಜಾವಾನೇ ಹೊರಟಿತು. ನಾಯಕರು ವಿಂಗ್ ಕಮಾಂಡರ್ ಓ.ಪಿ. ತನೇಜಾ. ಗುರಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ. ನೇರ ಗೆರೆ ಎಳೆದ್ರೂ ಸುಮಾರು 300 ಕಿಲೋಮೀಟರ್. ವಿಮಾನ ಫ್ರೆಂಚರು ಮಾಡಿದ ಮಿಸ್ಟೇರ್. ಹೋಗಿ ಬರೋಕೆ ಇಂಧನ ಸಾಕಾಗಬೇಕು, ಮಧ್ಯೆ ಕಾದಾಟಕ್ಕೆ ನಿಂತ್ರೆ ಆ ಲೆಕ್ಕ ತಪ್ಪುತ್ತೆ. ದೇವಯ್ಯ ಅವತ್ತು ಸ್ಟ್ಯಾಂಡ್‌ಬೈ. ಅಂದ್ರೆ ಯಾರಾದ್ರೂ ಹೋಗೋಕೆ ಆಗದಿದ್ರೆ ಮಾತ್ರ ಹೋಗಬೇಕಾದವರು. ಜಾಗ ಖಾಲಿ ಆಯ್ತು, ಹೋದ್ರು.

ದಾಳಿ ಮುಗಿಸಿ ವಾಪಸ್ ಬರುವಾಗ ಅವರ ಹಿಂದೆ ಬಿದ್ದದ್ದು ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್. ಅದರಲ್ಲಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟಲ್ಲ. ಹೊಸ ಬೈಕ್ ಮುಂದೆ ಹಳೇ ಲೂನಾ ಇದ್ದ ಹಾಗೆ ಅಂದ್ಕೊಳ್ಳಿ. ಮಿಸ್ಟೇರ್‌ಗೆ ಗುಂಡು ತಗುಲಿತು. ಇವರ ಕಥೆ ಮುಗೀತು ಅಂತ ಸ್ಟಾರ್‌ಫೈಟರ್ ಬೇರೆ ಕಡೆ ತಿರುಗಿತು. ಆದ್ರೆ ದೇವಯ್ಯ ಆ ಏಟು ತಿಂದ ವಿಮಾನದಲ್ಲೇ ತಿರುಗಿ ಬಿದ್ರು. ಸ್ಟಾರ್‌ಫೈಟರನ್ನ ಹೊಡೆದು ಕೆಡವಿದ್ರು. ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದ್ರು. ದೇವಯ್ಯ ವಾಪಸ್ ಬರಲಿಲ್ಲ. ಅವರಿಗಾಗ 32 ವರ್ಷ.

ಸರಿ, ಈಗ ನನ್ನ ಹಲಗೆಗೆ ಬರೋಣ. ಈ ಕಥೆ ಕೇಳಿದ ತಕ್ಷಣ ನನ್ನ ತಲೇಲಿ ಬಂದಿದ್ದು ಏನು? ನಿಮ್ಮ ತಲೇಲಿ ಈಗ ಬಂದಿದೆಯಲ್ಲ, ಅದೇ. ಆಕಾಶ. ಮುಂದೆ ಬೆಂಕಿ ಹತ್ತಿದ ಸ್ಟಾರ್‌ಫೈಟರ್, ಹಿಂದೆ ಹೊಗೆ ಬಿಡ್ತಿರೋ ಮಿಸ್ಟೇರ್. ತಂತಿ ಮೇಲೆ ವಿಮಾನ ನಿಲ್ಲಿಸಿ, ಹತ್ತಿ ಹಿಂಜಿ ಕಪ್ಪು ಬಣ್ಣ ಹಾಕಿದ್ರೆ ಹೊಗೆ ರೆಡಿ. ಎರಡು ತಿಂಗಳು ದುಡ್ಡು ಉಳಿಸಿ ಎರಡು ಕಿಟ್ ತರಿಸಿದೆ. 72ಕ್ಕೆ ಒಂದು ಅಳತೆ, ಅಂದ್ರೆ ನಿಜವಾದ 72 ಸೆಂಟಿಮೀಟರ್ ಇಲ್ಲಿ ಒಂದು ಸೆಂಟಿಮೀಟರ್. ಮಿಸ್ಟೇರ್ ಸುಮಾರು 18 ಸೆಂಟಿಮೀಟರ್ ಉದ್ದ, ಸ್ಟಾರ್‌ಫೈಟರ್ 23. ಸ್ಟಾರ್‌ಫೈಟರ್ ಅರ್ಧ ಅಂಟಿಸಿಯೂ ಆಗಿತ್ತು.

ಮೊದಲ ತೊಂದರೆ ಅಳತೆಯದ್ದು. ಆಕಾಶದ ಕಾದಾಟದಲ್ಲಿ ಎರಡು ವಿಮಾನದ ಮಧ್ಯೆ 300 ಮೀಟರ್ ಅಂತ ಇಟ್ಕೊಳ್ಳಿ. 72ರಿಂದ ಭಾಗಿಸಿ. ನಾಲ್ಕು ಮೀಟರ್ ದಾಟುತ್ತೆ. ಅಂದ್ರೆ ಮಿಸ್ಟೇರ್ ನಮ್ಮ ಹಾಲ್‌ನಲ್ಲಿ ಇದ್ರೆ ಸ್ಟಾರ್‌ಫೈಟರ್ ಅಡುಗೆಮನೇಲಿ! ಹಲಗೆ ಮೇಲೆ ಕೂರಿಸಬೇಕಾದ್ರೆ ಎರಡನ್ನೂ ಒಂದಕ್ಕೊಂದು ಮುತ್ತಿಡೋ ಹಾಗೆ ಇಡಬೇಕು. ನೋಡೋಕೆ ಚೆನ್ನಾಗಿರುತ್ತೆ, ಆದ್ರೆ ಸುಳ್ಳು.

ಎರಡನೇ ತೊಂದರೆ ನಾನು ಕಂಡದ್ದಲ್ಲ, ತೋರಿಸಿಕೊಟ್ಟವರು ಪಕ್ಕದ ಬೀದಿ ಅಂಕಲ್. ನಮ್ಮ ಮನೆ ಇರೋದು ಜಾಲಹಳ್ಳಿ ಕಡೆ, ಅಲ್ಲಿ ವಾಯುಪಡೆಯಿಂದ ನಿವೃತ್ತರಾದವರು ಬೇಕಾದಷ್ಟು ಜನ. ಈ ಅಂಕಲ್ ಗ್ರೌಂಡ್ ಕ್ರೂನಲ್ಲಿ ಇದ್ದವರು, ವಿಮಾನದ ರಿಪೇರಿ, ಉಸ್ತುವಾರಿ ನೋಡ್ಕೊಂಡವರು. 71ರ ಯುದ್ಧದ ಹೊತ್ತಿಗೆ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗ. ನನ್ನ ಸ್ಕೆಚ್ ತಗೊಂಡು ಹೋಗಿ ತೋರಿಸಿದೆ. ಕನ್ನಡಕ ಹಾಕ್ಕೊಂಡು ಬಹಳ ಹೊತ್ತು ನೋಡಿದ್ರು. ಆಮೇಲೆ ಒಂದೇ ಪ್ರಶ್ನೆ.

"ಇದನ್ನ ನಮ್ಮವರು ಯಾರು ನೋಡಿದ್ರು ಮರಿ?"

ನಾನು ಸುಮ್ಮನಾದೆ. ಯಾಕಂದ್ರೆ ಯಾರೂ ನೋಡಿರಲಿಲ್ಲ. ಈ ಕಥೆಯ ಜೀವಾನೇ ಅದು. ಜೊತೆಗಾರರು ವಾಪಸ್ ಬಂದ್ರು, ಇವರು ಬರಲಿಲ್ಲ. ಏನಾಯ್ತು ಅಂತ ಹೇಳೋಕೆ ಈ ಕಡೆ ಸಾಕ್ಷಿ ಇರಲಿಲ್ಲ. 1979ರಲ್ಲಿ ಜಾನ್ ಫ್ರಿಕರ್ ಅನ್ನೋ ಬ್ರಿಟಿಷ್ ಲೇಖಕರು ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಕೊಂಡು ಆ ಯುದ್ಧದ ಬಗ್ಗೆ ಪುಸ್ತಕ ಬರೆದ್ರು. ಅದರಿಂದ ಒಂದು ಮಿಸ್ಟೇರ್ ಸ್ಟಾರ್‌ಫೈಟರನ್ನ ಕೆಡವಿತ್ತು ಅನ್ನೋದು ಹೊರಬಂತು. ಯಾವ ಮಿಸ್ಟೇರ್? ಲೆಕ್ಕ ಹಾಕಿದ್ರೆ ಅದು ವಾಪಸ್ ಬರದ ದೇವಯ್ಯನವರದ್ದೇ ಆಗಬೇಕು. ತನೇಜಾ ಅವರೂ ಈ ವಿಷಯ ಬಿಡಲಿಲ್ಲ. 1988ರಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಪತ್ನಿ ಸುಂದರಿ ದೇವಯ್ಯ ಅದನ್ನ ಸ್ವೀಕರಿಸಿದ್ರು. 65ರಿಂದ 88. ಇಪ್ಪತ್ಮೂರು ವರ್ಷ! ಈ ಪಾಡ್‌ಕಾಸ್ಟ್ ಕೇಳ್ತಿರೋ ಎಷ್ಟೋ ಜನರ ವಯಸ್ಸೇ ಅಷ್ಟಾಗಿರಲ್ಲ.

ಅಂಕಲ್ ಮುಂದೆ ಹೇಳಿದ್ರು, "ನೀವು ಹುಡುಗ್ರಿಗೆ ಮೇಲೆ ನಡೆಯೋದೇ ಯುದ್ಧ. ನಮಗೆ ಯುದ್ಧ ಅಂದ್ರೆ ಕಾಯೋದು ಕಣಪ್ಪ. ವಿಮಾನ ಕಳಿಸಿದ ಮೇಲೆ ಕಿವಿ ಆಕಾಶದ ಕಡೆಗೇ ಇರುತ್ತೆ. ಬರೋ ಸದ್ದು ಎಣಿಸ್ತೀವಿ. ಏಣಿ ತಂದು ರೆಡಿ ಇಟ್ಕೊಂಡಿರ್ತೀವಿ, ಪೈಲಟ್ ಇಳಿಯೋಕೆ." ಸ್ವಲ್ಪ ಸುಮ್ಮನಿದ್ದು, "ಬರದಿದ್ರೆ ಆ ಏಣಿ ಎತ್ತಿಡೋಕೆ ಮನಸ್ಸು ಬರಲ್ಲ" ಅಂದ್ರು. ಯಾರ ಏಣಿ ಅಂತ ನಾನು ಕೇಳಲಿಲ್ಲ.

ಅವತ್ತು ರಾತ್ರಿ ಮನೆಗೆ ಬಂದು ಹಳೇ ಸ್ಕೆಚ್ ಪಕ್ಕಕ್ಕಿಟ್ಟೆ. ಈಗಿನ ಪ್ಲ್ಯಾನ್ ಹೀಗಿದೆ. ಆದಂಪುರ, ಆ ಬೆಳಗ್ಗೆ. ಹಲಗೆಯ ಎಡಕ್ಕೆ ವಾಪಸ್ ಬಂದು ನಿಂತಿರೋ ಒಂದು ಮಿಸ್ಟೇರ್. ಬಲಕ್ಕೆ ಇನ್ನೊಂದು ವಿಮಾನ ನಿಲ್ಲಬೇಕಾದ ಜಾಗ, ಖಾಲಿ. ಕಾಂಕ್ರೀಟ್ ಮೇಲೆ ಎಣ್ಣೆ ಕಲೆ, ಚಕ್ರಕ್ಕೆ ಅಡ್ಡ ಕೊಡೋ ಎರಡು ಕಟ್ಟೆ, ಅದರ ಹಗ್ಗ. ಒಂದು ಏಣಿ. ಏಣಿ ಪಕ್ಕ ಒಬ್ಬ ನಿಂತು ಪಶ್ಚಿಮದ ಕಡೆ ನೋಡ್ತಿದ್ದಾನೆ. ಅಷ್ಟೇ. ಇದರ ಫೋಟೋ ಎಲ್ಲೂ ಇಲ್ಲ, ನಿಜ. ಆದ್ರೆ ವಿಮಾನ ಹೋದ ಮೇಲೆ ಕೆಳಗೆ ಯಾರೋ ಕಾದೇ ಕಾದಿರ್ತಾರೆ. ಅದರಲ್ಲಿ ಕಲ್ಪನೆ ಇಲ್ಲ.

ನಿಮಗೂ ಹೀಗೊಂದು ಮಾಡೋ ಆಸೆ ಇದ್ರೆ ನಾನು ಕಲಿತಿದ್ದನ್ನ ಹೇಳಿಬಿಡ್ತೀನಿ.

ಕಿಟ್ ತರೋ ಮುಂಚೆ ಒಂದೇ ಒಂದು ವಾಕ್ಯ ಬರೆದುಕೊಳ್ಳಿ, ಈ ಸ್ಮಾರಕ ಏನು ಹೇಳಬೇಕು ಅಂತ. ನನ್ನದು, "ಒಬ್ಬರು ಬರಲಿಲ್ಲ." ಹಲಗೆ ಮೇಲೆ ಇಡೋ ಪ್ರತಿ ವಸ್ತುವೂ ಆ ವಾಕ್ಯಕ್ಕೆ ಬೇಕಾ ಅಂತ ಕೇಳ್ಕೊಳ್ಳಿ. ನಾನು ಒಂದು ಜೀಪು, ನಾಲ್ಕು ಡ್ರಮ್ಮು, ಒಂದು ನಾಯಿ ಇಡಬೇಕು ಅಂತಿದ್ದೆ. ಮೂರೂ ಔಟ್.

ಆಮೇಲೆ ರಟ್ಟಿನಲ್ಲಿ ವಿಮಾನದ ಆಕಾರ ಅದೇ ಅಳತೆಗೆ ಕತ್ತರಿಸಿ ಹಲಗೆ ಮೇಲೆ ಇಟ್ಟು ನೋಡಿ. 45 ಸೆಂಟಿಮೀಟರ್ ಹಲಗೆ ಅಂದ್ರೆ ನಿಜದಲ್ಲಿ 32 ಮೀಟರ್ ನೆಲ. ರೆಕ್ಕೆ ತುದಿಯಿಂದ ತುದಿಗೆ ಮಿಸ್ಟೇರ್ 11 ಮೀಟರ್, ಇಲ್ಲಿ 15 ಸೆಂಟಿಮೀಟರ್. ಪಕ್ಕದಲ್ಲಿ ಅಷ್ಟೇ ಜಾಗ ಖಾಲಿ ಬಿಟ್ರೆ ಮಾತ್ರ ಇಲ್ಲಿ ಏನೋ ಇರಬೇಕಿತ್ತು ಅಂತ ಕಣ್ಣಿಗೆ ಹೊಳೆಯುತ್ತೆ. ವಿಮಾನವನ್ನ ಹಲಗೆಯ ಅಂಚಿಗೆ ನೇರವಾಗಿ ಇಡಬೇಡಿ, ಸ್ವಲ್ಪ ಓರೆ ಮಾಡಿ. ಇಲ್ಲಾಂದ್ರೆ ಪಾರ್ಕಿಂಗ್ ಲಾಟ್ ಥರ ಕಾಣುತ್ತೆ.

ನಿಮ್ಮ ಫೋನ್ ಇದೆಯಲ್ಲ, ಅದನ್ನ ಹಲಗೆ ಮಟ್ಟಕ್ಕೆ ಇಳಿಸಿ ಫೋಟೋ ತೆಗೀರಿ. ಈ ಅಳತೆಯಲ್ಲಿ ಮನುಷ್ಯ ಬರೀ 24 ಮಿಲಿಮೀಟರ್. ಅವನ ಕಣ್ಣಿನ ಎತ್ತರದಿಂದ ನೋಡಿದಾಗಲೇ ದೃಶ್ಯದ ತಪ್ಪು ಗೊತ್ತಾಗೋದು. ನಾನು ಹಾಗೆ ನೋಡಿದಾಗ ನಿಂತಿರೋ ವಿಮಾನ ಖಾಲಿ ಜಾಗವನ್ನೇ ಮುಚ್ಚಿಬಿಟ್ಟಿತ್ತು. ವಿಮಾನ ಹಿಂದಕ್ಕೆ ಸರಿಸಿ, ಏಣಿಯನ್ನ ಮುಂದಕ್ಕೆ ತಂದೆ.

ನೆಲಕ್ಕೆ ದುಡ್ಡು ಸುರೀಬೇಡಿ. ಚಹಾ ಸೋಸಿದ ಪುಡಿಯನ್ನ ಚೆನ್ನಾಗಿ ಒಣಗಿಸಿ ಫೆವಿಕಾಲ್ ಮೇಲೆ ಉದುರಿಸಿದ್ರೆ ಒಳ್ಳೇ ಮಣ್ಣು. ಕಾಂಕ್ರೀಟ್‌ಗೆ ತೆಳು ಪ್ಲಾಸ್ಟರ್ ಆಫ್ ಪ್ಯಾರಿಸ್. ಏಣಿಗೆ ತಾಮ್ರದ ತಂತಿ. ನನ್ನ ಏಣಿ ಮೂರು ಸಲ ಹಾಳಾಯ್ತು, ನಾಲ್ಕನೇದು ನಿಂತಿದೆ.

ಕೊನೇದು, ಖಚಿತ ಇಲ್ಲದ್ದನ್ನ ಬರೀಬೇಡಿ. ವಿಮಾನದ ಬಾಲದ ನಂಬರ್ ಆಗಲಿ, ಬಣ್ಣ ಆಗಲಿ, ಹಳೇ ಫೋಟೋ ನೋಡಿ ಹಚ್ಚಿ. ಆಟಿಕೆ ಆದ್ರೆ ಪರವಾಗಿಲ್ಲ, ಇದು ಸ್ಮಾರಕ. 23 ವರ್ಷ ಸತ್ಯಕ್ಕೆ ಕಾದವರ ಹೆಸರಲ್ಲಿ ನಾವು ಅಂದಾಜು ಬರೆಯೋದು ಸರಿಯಲ್ಲ.

ಫಲಕದ ಮೇಲೆ ಏನಿರಬೇಕು ಅಂತಾನೂ ತಲೆ ಕೆಡಿಸ್ಕೊಂಡಿದ್ದೆ. ಮೊದಲು 'ವೀರ', 'ಅಮರ' ಅಂತೆಲ್ಲ ಬರೆದಿದ್ದೆ. ಈಗ ಅವರ ಹೆಸರು, ಕೆಳಗೆ ಎರಡು ಇಸವಿ. 1965, 1988. ನೋಡಿದವರು ಎರಡನೇ ಇಸವಿ ಏನು ಅಂತ ಕೇಳ್ತಾರೆ. ಕೇಳಲಿ. ಆಗ ಕಥೆ ಹೇಳಬಹುದು. ಆ ಕಥೆಯಲ್ಲಿ ಅಮ್ಜದ್ ಹುಸೇನ್ ಹೆಸರೂ ಬರುತ್ತೆ. ನಮ್ಮವರ ಧೈರ್ಯ ನಮಗೆ ಗೊತ್ತಾಗಿದ್ದು ಎದುರಾಳಿ ಕಡೆಯ ಮಾಹಿತಿಯಿಂದ ಅನ್ನೋದನ್ನ ಮರೆಯೋ ಹಾಗಿಲ್ಲ.

ಅರ್ಧ ಅಂಟಿಸಿದ ಸ್ಟಾರ್‌ಫೈಟರ್ ಇನ್ನೂ ಡಬ್ಬೀಲಿದೆ. ಸೆಪ್ಟೆಂಬರ್ 7ರ ಒಳಗೆ ಹಲಗೆ ಮುಗಿಸಿ ಮೊದಲು ಅಂಕಲ್‌ಗೆ ತೋರಿಸಬೇಕು. ಮೊನ್ನೆ ಏಣಿ ಮಾತ್ರ ಕೈಯಲ್ಲಿ ಹಿಡ್ಕೊಂಡು ಹೋಗಿದ್ದೆ. ಬೆರಳ ತುದಿ ಮೇಲೆ ಇಟ್ಕೊಂಡು ನೋಡಿದ್ರು. "ಮೆಟ್ಟಿಲು ಒಂದು ಜಾಸ್ತಿ ಆಯ್ತು" ಅಂದ್ರು. ಹಾಗಾಗಿ ಐದನೇ ಏಣಿ ಮಾಡ್ತಿದ್ದೀನಿ.

ಮುಂದಿನ ಸಲ ಮಡಿಕೇರಿಗೆ ಹೋದಾಗ ಸೆಲ್ಫಿ ಸ್ಪಾಟ್ ಹುಡುಕೋ ಮುಂಚೆ ಆ ಪ್ರತಿಮೆ ಮುಂದೆ ಒಂದು ನಿಮಿಷ ನಿಲ್ಲಿ. ಜೊತೇಲಿರೋರು ಯಾರಿದು ಅಂತ ಕೇಳಿದ್ರೆ, ಇನ್ಮೇಲೆ ಉತ್ತರ ನಿಮ್ಮ ಹತ್ರ ಇದೆ. ಸಿಗೋಣ, ನಮಸ್ಕಾರ.