ಮೊಣಕಾಲು ನೋವು: ವಯಸ್ಸಿನದೋ, ದುಡಿಮೆಯದೋ, ನೀರಿನದೋ?

(ಬೆಳ್ಳಿ ಹಬ್ಬದ ಸದಸ್ಯರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಭೆಯಲ್ಲಿ ಷೇರು, ಸಾಲ, ವಸೂಲಿ ಮಾತು ಬಿಟ್ಟು ಇವರು ಮೊಣಕಾಲಿನ ಮಾತು ಯಾಕೆ ತೆಗೆದರು ಅಂತ ತಮಗೆ ಅನಿಸಬಹುದು. ಆದರೆ ನಮ್ಮ ಸದಸ್ಯರಿಗೆ ಹೊಲಕ್ಕಿಂತ ಮೊದಲಿನ ಬಂಡವಾಳ ಕಾಲು. ಕಾಲು ಕೂತರೆ ಕೂಲಿ ನಿಂತಿತು, ಕೂಲಿ ನಿಂತರೆ ಕಂತೂ ನಿಂತಿತು. ಸಂಘದ ಮೆಟ್ಟಿಲು ಹತ್ತುವಾಗ ತೊಡೆ ಮೇಲೆ ಕೈ ಊರಿ, ‘ಶಿವಾ’ ಅಂತ ಉಸಿರು ಬಿಟ್ಟು ಏರುವವರು ಎಷ್ಟು ಮಂದಿ ಅಂತ ಒಂದು ದಿನ ಕೂತು ನೋಡಿದರೆ ಸಾಕು.

ನಾವು ಡಾಕ್ಟರಲ್ಲ. ತಿಳಿದವರಿಂದ ಕೇಳಿದ್ದನ್ನು, ಓದಿದ್ದನ್ನು ಮಾತ್ರ ತಮ್ಮ ಮುಂದೆ ಇಡುತ್ತೇವೆ. ಮುಖ್ಯ ಮಾತು ಒಂದೇ: ನೋವು ಒಂದೇ ತರಹ ಕಂಡರೂ ಕಾರಣ ಒಂದೇ ಅಲ್ಲ. ಕಾರಣ ತಿಳಿಯದೆ ಸೂಜಿ ಮಾಡಿಸಿಕೊಳ್ಳುವುದು ರೋಗ ಗೊತ್ತಿಲ್ಲದ ಹತ್ತಿಗೆ ಎಣ್ಣೆ ಹೊಡೆದಂತೆ.

ಎಲ್ಲರಿಗೂ ಗೊತ್ತಿರುವುದು ಸವಕಳಿ. ಮೊಣಕಾಲಿನ ಎರಡು ಎಲುಬಿನ ನಡುವೆ ಮೆತ್ತನೆಯ ಹಾಸು ಇರುತ್ತದೆ, ಅದು ಸವೆದರೆ ಏರುವಾಗ, ಕುಕ್ಕರುಗಾಲಲ್ಲಿ ಕೂತು ಏಳುವಾಗ ನೋವು, ಕಟಕಟ ಸಪ್ಪಳ. ನೆಲ್ಲು ಹಚ್ಚುವುದು, ಕಸ ತೆಗೆಯುವುದು, ಹತ್ತಿ ಬಿಡಿಸುವುದು, ತಲೆ ಮೇಲೆ ಕೊಡ ಹೊರುವುದು ಇವೆಲ್ಲ ನಮ್ಮ ಹೆಣ್ಣುಮಕ್ಕಳ ಪಾಲಿಗೇ ಹೆಚ್ಚು. ಅದಕ್ಕೇ ಅವರ ಮೊಣಕಾಲು ಮೊದಲು ಸೋಲುತ್ತದೆ. ಮೈಭಾರ ಇಳಿಸುವುದು, ತೊಡೆಯ ಸ್ನಾಯುಗಳಿಗೆ ದಿನಾ ವ್ಯಾಯಾಮ ಕೊಡುವುದು ಇದಕ್ಕೆ ನಿಜವಾದ ಔಷಧ. ಪೂರಾ ಮಲಗಿಬಿಟ್ಟರೆ ಸ್ನಾಯು ಸೊರಗಿ ನೋವು ಇನ್ನೂ ಹೆಚ್ಚಾಗುತ್ತದೆ.

ಬೆಳಿಗ್ಗೆ ಎದ್ದಾಗ ತಾಸಿಗೂ ಹೆಚ್ಚು ಹೊತ್ತು ಕೈಬೆರಳು, ಮಣಿಕಟ್ಟು ಸಹಿತ ಬಿಗಿದಿದ್ದರೆ ಅದು ಸವಕಳಿಯಲ್ಲ, ಸಂಧಿವಾತ ಇರಬಹುದು. ಅದಕ್ಕೆ ಬೇರೆ ಔಷಧ, ತಡ ಮಾಡಿದರೆ ಕೀಲು ಸೊಟ್ಟಾಗುತ್ತದೆ. ನೋವು ಸೊಂಟದಿಂದ ಹೊರಟು ಕಾಲಿನ ಹಿಂದೆ ಇಳಿದರೆ ತಪ್ಪು ಬೆನ್ನುಮೂಳೆಯ ನರದ್ದು, ಮೊಣಕಾಲಿಗೆ ಎಷ್ಟು ಮುಲಾಮು ತಿಕ್ಕಿದರೂ ಅಷ್ಟೇ. ಬೀಡಿ ಸೇದುವವರು ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದು, ನಿಂತರೆ ಬಿಡುತ್ತಿದ್ದರೆ ರಕ್ತನಾಳ ಕಟ್ಟುತ್ತಿದೆ ಎಂದು ಅನುಮಾನ ಪಡಬೇಕು. ಅಂಗಾಲು ಉರಿದರೆ, ಚಪ್ಪಲಿ ಜಾರಿದ್ದು ಗೊತ್ತಾಗದಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿರಿ. 2006ರಲ್ಲಿ ನಮ್ಮ ರಾಜ್ಯದಲ್ಲಿ ಲಕ್ಷಗಟ್ಟಲೆ ಜನರಿಗೆ ಚಿಕುನ್‌ಗುನ್ಯಾ ಜ್ವರ ಬಂದಿತ್ತಲ್ಲ, ಜ್ವರ ವಾರದಲ್ಲಿ ಹೋದರೂ ಕೆಲವರ ಕೀಲುನೋವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯಿತು. ಒಂದೇ ಮೊಣಕಾಲು ಬಾತು, ಸಂಜೆ ಜ್ವರ ಬಂದು, ಮೈ ಇಳಿದರೆ ಕ್ಷಯ ಕೀಲಿಗೂ ಬರುತ್ತದೆ ಎಂಬುದು ನೆನಪಿರಲಿ.

ಇನ್ನು ನಮ್ಮ ಸೀಮೆಯದೇ ಆದ ಕಾರಣಕ್ಕೆ ಬರುತ್ತೇವೆ. ಕೃಷ್ಣೆ ತುಂಗಭದ್ರೆಯರ ನಡುವೆ ಕೂತೂ ನಾವು ಎಷ್ಟೋ ಊರಲ್ಲಿ ಕುಡಿಯುವುದು ಬೋರಿನ ನೀರು. ನಮ್ಮ ನೆಲದ ಕೆಳಗಿನ ಕರಿಬಿಳಿ ಕಲ್ಲಿನಲ್ಲಿ ಫ್ಲೋರೈಡ್ ಇದೆ, ಅದು ಕರಗಿ ನೀರಿಗೆ ಸೇರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆದೀತು ಎಂದು ನಮ್ಮ ದೇಶದ ಮಾನದಂಡ. ರಾಯಚೂರು ಜಿಲ್ಲೆಯಲ್ಲಿ, ಮಾನವಿ, ದೇವದುರ್ಗ, ಲಿಂಗಸುಗೂರು ಕಡೆ ಸೇರಿ, ಇದಕ್ಕೂ ಮೀರಿದ ಬೋರುಗಳು ಸಿಕ್ಕಿವೆ. ನೋಡಲು ತಿಳಿ, ಕುಡಿಯಲು ರುಚಿ; ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ.

ಮೊದಲು ಗೊತ್ತಾಗುವುದು ಮಕ್ಕಳ ಹಲ್ಲಿನಲ್ಲಿ. ಹಲ್ಲು ಒಳಗೆ ಬಲಿಯುವ ಎಳೆ ವಯಸ್ಸಿನಲ್ಲಿ ಈ ನೀರು ಕುಡಿದರೆ ಸುಣ್ಣದ ಬಿಳಿ ಪಟ್ಟಿ, ಆಮೇಲೆ ಕಂದು ಕಲೆ. ಎಷ್ಟು ಉಜ್ಜಿದರೂ ಅದು ಹೋಗದು. ಮುಂದೆ ವರ್ಷಗಟ್ಟಲೆ ಕುಡಿಯುತ್ತ ಹೋದರೆ ಎಲುಬು, ಕೀಲಿನ ಕಟ್ಟುಗಳು ಗಡುಸಾಗುತ್ತವೆ. ಸೊಂಟ, ಕುತ್ತಿಗೆ, ಮೊಣಕಾಲು ಮೂರೂ ಹಿಡಿಯುತ್ತವೆ. ಬಗ್ಗಿ ಕಾಲ್ಬೆರಳು ಮುಟ್ಟಲು, ಗದ್ದವನ್ನು ಎದೆಗೆ ತಾಗಿಸಲು, ಎರಡೂ ಕೈ ತಲೆಯ ಹಿಂದೆ ಒಯ್ಯಲು ಆಗುತ್ತದೋ ಮನೆಯಲ್ಲೇ ನೋಡಿರಿ. ಆಗದಿದ್ದರೆ ಇದೇ ರೋಗವೆಂದು ತೀರ್ಮಾನಿಸಬೇಡಿ, ಆದರೆ ಡಾಕ್ಟರರ ಮುಂದೆ ‘ನಮ್ಮದು ಬೋರಿನ ನೀರು’ ಎಂಬ ಮಾತು ತಪ್ಪದೆ ಹೇಳಿರಿ. ಹೇಳದಿದ್ದರೆ ಅದೂ ‘ವಯಸ್ಸಾಯ್ತು’ ಎಂಬ ಲೆಕ್ಕಕ್ಕೇ ಹೋಗಿಬಿಡುತ್ತದೆ.

ಈ ರೋಗ ಹೊಸದಲ್ಲ. 1937ರಲ್ಲಿಯೇ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ ಇದನ್ನು ಗುರುತಿಸಿದ್ದರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯವರು ಆಂಧ್ರದ ಹಳ್ಳಿಗಳಲ್ಲಿ ಹರೆಯದ ಹುಡುಗರ ಮೊಣಕಾಲು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವುದನ್ನು ವಿವರಿಸಿದರು. ನಮ್ಮ ಕೃಷ್ಣೆಗೇ ಕೆಳಗಡೆ ಕಟ್ಟಿದ ನಾಗಾರ್ಜುನಸಾಗರದ ಸುತ್ತ ಅಂತರ್ಜಲ ಏರಿ, ಮಣ್ಣು-ಜೋಳದ ಸತ್ವಗಳು ಬದಲಾದದ್ದೂ ಇದಕ್ಕೆ ಸೇರಿರಬಹುದೆಂದು ಅವರು ಊಹಿಸಿದರು. ಜೋಳ ಉಣ್ಣುವವರ ಮೈಯಲ್ಲಿ ಫ್ಲೋರೈಡ್ ಹೆಚ್ಚು ನಿಲ್ಲುತ್ತದೆಂದೂ ಕಂಡರು. ಹಾಗೆಂದು ರೊಟ್ಟಿ ಬಿಡಿ ಅನ್ನುತ್ತಿಲ್ಲ, ಬಿಡುವವರಾದರೂ ಯಾರು! ಬದಲಿಸಬೇಕಾದ್ದು ನೀರು.

ಆದರೆ ಎಲ್ಲದಕ್ಕೂ ನೀರನ್ನೇ ದೂರುವುದೂ ಸರಿಯಲ್ಲ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಜನರ ಸೊಂಟ, ಮೊಣಕಾಲು ಹಿಡಿದು, ಕೆಲವರು ತೆವಳುವಂತಾದರು. ಗದ್ದೆಯ ಏಡಿ ತಿಂದದ್ದಕ್ಕೆ, ಕ್ರಿಮಿನಾಶಕಕ್ಕೆ ಎಂದು ಮೊದಲು ಹೇಳಿದರು. ಮುಂದೆ ಅದು ವಂಶದಲ್ಲಿ ಇಳಿದು ಬರುವ ಎಲುಬಿನ ರೋಗವೆಂದು ತಿಳಿಯಿತು. ಪರೀಕ್ಷೆಯಿಲ್ಲದೆ ಕಾರಣ ಹೇಳುವುದು ಎಷ್ಟು ಕಷ್ಟ ನೋಡಿರಿ.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಹೆಚ್ಚೇ ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಮನೆಯ ಕ್ಯಾಂಡಲ್ ಫಿಲ್ಟರಿನಲ್ಲಿ ಹಾಕಿದರೂ ಅಷ್ಟೇ. ಊರಿನ ಶುದ್ಧ ನೀರಿನ ಘಟಕ ಸರಿಯಾಗಿ ನಡೆಯುತ್ತಿದ್ದರೆ ಅಡಿಗೆಗೂ ಅದೇ ನೀರು ಬಳಸಿರಿ. ಬೇಳೆ, ಅನ್ನ ಕುದಿಯುವ ನೀರೂ ಹೊಟ್ಟೆಗೇ ಹೋಗುತ್ತದಲ್ಲ. ಹಾಲು, ಮಜ್ಜಿಗೆ, ನುಗ್ಗೆ ಸೊಪ್ಪು, ನೆಲ್ಲಿಕಾಯಿ, ನಿಂಬೆ ಊಟದಲ್ಲಿರಲಿ. ಗಡುಸಾದ ಎಲುಬು ಮೊದಲಿನಂತಾಗುವುದು ಕಷ್ಟ, ಆದರೆ ನೀರು ಬದಲಿಸಿದರೆ ಮುಂದಿನ ಕೇಡು ನಿಲ್ಲುತ್ತದೆ. ಮಕ್ಕಳ ಪಾಲಿಗಂತೂ ಅದೇ ಎಲ್ಲ.

ಸೂಜಿಯ ಮಾತು ಬಿಡುವಂತಿಲ್ಲ. ಸಂತೆ ದಿನ ಒಂದು ಸೂಜಿ, ವಾರವಿಡೀ ಹಗುರ, ಇದು ನಮ್ಮ ಕಡೆ ರೂಢಿಯೇ ಆಗಿದೆ. ಅದರಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಮೇಲಿಂದ ಮೇಲೆ ತಗೊಂಡರೆ ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ನೋವಿನ ಗುಳಿಗೆ ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು. ಚೀಟಿಯಿಲ್ಲದೆ ಕೊಡುವ ಪುಡಿ, ಗುಳಿಗೆ ಬೇಡವೇ ಬೇಡ.

ಕೊನೆಯದಾಗಿ ಆಡಳಿತ ಮಂಡಳಿಯವರಲ್ಲಿ ಒಂದು ಬೇಡಿಕೆ. ಪಂಪ್‌ಸೆಟ್ಟಿಗೆ ಸಾಲ ಕೇಳಿ ಬಂದ ಸದಸ್ಯರಿಗೆ ಪಹಣಿ ಕೇಳುತ್ತೀರಿ, ಜಾಮೀನು ಕೇಳುತ್ತೀರಿ. ಆ ಬೋರಿನ ನೀರು ಮನೆಯವರೂ ಕೂಲಿಯವರೂ ಕುಡಿಯುವುದಾದರೆ ನೀರಿನ ಪರೀಕ್ಷೆಯ ಚೀಟಿಯನ್ನೂ ಕೇಳಿರಿ. ಒಂದೇ ಊರಿನ ಎರಡು ಬೋರಿನ ನೀರು ಒಂದೇ ತರಹ ಇರುವುದಿಲ್ಲ, ಪಕ್ಕದ ಹೊಲದ ಚೀಟಿ ನಮಗೆ ಬರುವುದಿಲ್ಲ. ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿದರೆ ಪರೀಕ್ಷೆಗೆ ಎಲ್ಲಿಗೆ ಕೊಡಬೇಕೆಂದು ಹೇಳುತ್ತಾರೆ. ಗಾಜಿನ ಶೀಸೆ ಬೇಡ, ಸ್ವಚ್ಛ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿರಿ. ಮೋಟರು ಸ್ವಲ್ಪ ಹೊತ್ತು ನಡೆಸಿ, ಅದೇ ನೀರಿನಿಂದ ಎರಡು ಮೂರು ಸಲ ತೊಳೆದು ತುಂಬಿಸಿರಿ. ಮೇಲೆ ಸರ್ವೆ ನಂಬರು, ಬೋರಿನ ಆಳ, ತಾರೀಖು ಬರೆದು ಅಂಟಿಸಿರಿ.