ತವರಿಗೆ ಹೊರಟ ಬಸುರಿ
(ಸಂಘದ ಮಹಿಳಾ ವಿಭಾಗದ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಂಭ್ರಮದಲ್ಲಿ ಬಸುರಿ ಬಾಣಂತಿಯರ ಮಾತೇಕೆಂದು ಕೆಲವರು ಹುಬ್ಬೇರಿಸಿಯಾರು. ಮುಂಬಯಿಯಲ್ಲಿ ನೆಲಸಿದ ನಮ್ಮ ಮನೆಗಳಿಂದಲೂ ಸೊಸೆಯಂದಿರು ಚೊಚ್ಚಲ ಹೆರಿಗೆಗೆಂದು ಏಳನೆಯ ತಿಂಗಳಲ್ಲಿ ತವರೂರಿನ ರೈಲು ಹತ್ತುತ್ತಾರೆ. ಆದುದರಿಂದ ಈ ಮಾತು.

ನನ್ನ ಸೋದರತ್ತೆಯೊಬ್ಬಳು ಹೀಗೆಯೇ ತವರಿಗೆ ಬಂದವಳು. ಎಂಟು ತುಂಬುವ ಹೊತ್ತಿಗೆ ಮುಖ, ಕೈಗಳು ಬಾತಿದ್ದುವು. ನೋಡಿದವರು ಮೈ ತುಂಬಿಕೊಂಡಿದ್ದಾಳೆಂದು ಹಿಗ್ಗಿದರು. ತಲೆನೋವೆಂದರೆ ನೆತ್ತಿಗೆ ಹರಳೆಣ್ಣೆ ತಟ್ಟಿದರು. ಒಂದು ರಾತ್ರಿ ಸೆಳವು ಬಂದಿತು. ಗಾಳಿ ಸೋಕಿತೆಂದು ಮಂತ್ರಿಸುವವನನ್ನು ಕರೆತರಲು ಓಡಿದರು. ಬೆಳಗಾಗುವುದರೊಳಗೆ ಎರಡು ಜೀವ ಹೋದುವು. ಅದು ಬಸುರಿಯ ನಂಜು. ರಕ್ತದ ಒತ್ತಡ ಅಳೆಯುವ ಪಟ್ಟಿಯನ್ನು ಯಾರಾದರೂ ಅವಳ ತೋಳಿಗೆ ಸುತ್ತಿದ್ದರೆ ಮೊದಲೇ ತಿಳಿಯಬಹುದಾಗಿತ್ತು.

ಆ ಪಟ್ಟಿಯನ್ನು ಹಳ್ಳಿಯ ಮನೆಬಾಗಿಲಿಗೆ ಒಯ್ಯುವವರು ಯಾರು? ನಾವು ಅನ್ನ ಉಣ್ಣುತ್ತಿರುವ ಈ ಮಹಾರಾಷ್ಟ್ರದಲ್ಲಿಯೇ, ಜಾಮಖೇಡದಲ್ಲಿ, ಡಾ. ರಜನೀಕಾಂತ ಆರೋಳೆ ಮತ್ತು ಡಾ. ಮೇಬೆಲ್ ಆರೋಳೆ ದಂಪತಿಗಳು 1970ರಲ್ಲಿ ಕೆಲಸಕ್ಕೆ ತೊಡಗಿದರು. ಹಳ್ಳಿಯವರೇ ಆರಿಸಿ ಕಳಿಸಿದ ಹೆಂಗಸರಿಗೆ, ಅಕ್ಷರವರಿಯದವರೇ ಹೆಚ್ಚಾಗಿದ್ದವರಿಗೆ, ಬಸುರಿಯನ್ನು ನೋಡಿಕೊಳ್ಳುವುದನ್ನೂ ಅಪಾಯದ ಗುರುತುಗಳನ್ನೂ ಕಲಿಸಿದರು. ಡಾಕ್ಟರಿಗೆ ಹೇಳದ ಮಾತನ್ನು ಬಸುರಿ ಇಂಥವಳಿಗೆ ಹೇಳುತ್ತಾಳೆ. ಕಬ್ಬಿಣದ ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ. ಅದಕ್ಕೆ ಹೆದರಿ ಮಾತ್ರೆಯನ್ನು ಹಿತ್ತಿಲಿಗೆ ಎಸೆದವರುಂಟು. ಕೂಸು ದಪ್ಪನಾಗಿ ಹೆರಿಗೆ ಕಷ್ಟವಾದೀತೆಂದು ಅರೆಹೊಟ್ಟೆ ಉಂಡವರುಂಟು. ಇದನ್ನೆಲ್ಲ ನೆರೆಮನೆಯವಳಲ್ಲದೆ ಬೇರೆ ಯಾರು ಬಲ್ಲರು? 2005ರಲ್ಲಿ ಆರಂಭವಾದ ಆಶಾ ಯೋಜನೆಯ ಹಿಂದೆಯೂ ಇದೇ ವಿಚಾರವಿದೆ.

ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 2001-03ರಲ್ಲಿ 228 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69ಕ್ಕೆ ಇಳಿಯಿತು. ಆಸ್ಪತ್ರೆ, ರಸ್ತೆ, ಆಂಬುಲೆನ್ಸುಗಳ ಪಾಲೂ ಇದರಲ್ಲಿದೆ, ಅಲ್ಲವೆನ್ನಲಾರೆ. ಆದರೆ ಅದೇ ಅವಧಿಯಲ್ಲಿ ಮಹಾರಾಷ್ಟ್ರದ ಅಂಕಿ 33, ಕೇರಳದ್ದು 19. ನಾಡಿನ ಹಿರಿಮೆಯನ್ನು ಹಾಡುವಾಗ ಈ ಅಂಕಿ ನನ್ನ ಗಂಟಲಿಗೆ ಅಡ್ಡ ಬರುತ್ತದೆ.

ಇನ್ನು ತವರಿನ ಮಾತು. ಗಂಡನ ಮನೆಯ ಕಡೆಯ ಆರೋಗ್ಯ ಕಾರ್ಯಕರ್ತೆಯ ಪುಸ್ತಕದಲ್ಲಿ ಬಸುರಿಯ ಹೆಸರಿರುತ್ತದೆ, ಬಸುರಿ ಇರುವುದಿಲ್ಲ. ತವರೂರಿನಲ್ಲಿ ಬಸುರಿ ಇರುತ್ತಾಳೆ, ಪುಸ್ತಕದಲ್ಲಿ ಅವಳ ಹೆಸರಿರುವುದಿಲ್ಲ. ನಂಜು ಹೆಚ್ಚಾಗಿ ಏಳುವುದು ಈ ಕೊನೆಯ ತಿಂಗಳುಗಳಲ್ಲಿಯೇ. ಆದುದರಿಂದ ಅತ್ತೆಯಂದಿರಲ್ಲಿ ನನ್ನ ಬೇಡಿಕೆಯಿಷ್ಟೆ: ಸೊಸೆಯ ಪೆಟ್ಟಿಗೆಯಲ್ಲಿ ಸೀರೆಯ ಮೇಲೆಯೇ ಅವಳ ತಪಾಸಣೆಯ ಕಾರ್ಡನ್ನೂ ರಕ್ತಪರೀಕ್ಷೆಯ ಕಾಗದಗಳನ್ನೂ ಇಡಿರಿ. ಅವಳು ರೈಲು ಹತ್ತುವ ಮುನ್ನ ಬೀಗರಿಗೆ ಫೋನು ಮಾಡಿ, ಆ ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಅವಳ ಹೆಸರು ಬರೆಸಲು ಹೇಳಿರಿ.